ನಿಧಾನವಾಗಿ ಓಡಿಸುವಾಗ ಮಾತ್ರ ಬೋಟ್ ಇಂಜಿನ್ ಹೀಟ್ ಆಗುತ್ತಿದೆಯಾ? ಹುಡುಕುವ ಕ್ರಮ ಹೀಗಿರಲಿ

ಥರ್ಮೋಸ್ಟಾಟ್ (ಬಿಸಿ ಏರಿದಾಗ ತೆರೆದು ನೀರು ಹರಿಯಲು ಬಿಡುವ ವಾಲ್ವ್) ಬದಲಾಯಿಸಿದ್ದಾಯಿತು. ಹೊಸ ಇಂಪೆಲರ್ ಹಾಕಿದ್ದೂ ಆಯಿತು. ಅಂಗಳದಲ್ಲಿ ಹೋಸ್ ಪೈಪ್ ಸಿಕ್ಕಿಸಿ ಕಾಲು ಗಂಟೆ ಓಡಿಸಿದರೆ ಏನೂ ತೊಂದರೆಯಿಲ್ಲ. ಬೋಟನ್ನು ನೀರಿಗಿಳಿಸಿ ದಡ ಬಿಟ್ಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ಮತ್ತೆ ಅದೇ ಅಲಾರಂ. ಥ್ರಾಟಲ್ ಏರಿಸಿದರೆ ಬಿಸಿ ತಾನಾಗಿ ಇಳಿಯುತ್ತದೆ. ಇಳಿಸಿದರೆ ಮತ್ತೆ ಏರುತ್ತದೆ.

ಇಷ್ಟು ಹೇಳಿದ ಮೇಲೆ ಹೆಚ್ಚಿನವರು ಕೇಳುವುದು "ಈಗ ಇನ್ನೇನು ಬದಲಾಯಿಸಲಿ?" ಎಂದು. ಎಡವುವುದೇ ಅಲ್ಲಿ. ಬಿಡಿಭಾಗ ಮೊದಲು, ಅಳತೆ ಆಮೇಲೆ ಎಂದು ಹೊರಟರೆ ದುಡ್ಡು ಹೋಗುತ್ತದೆ, ತೊಂದರೆ ಉಳಿಯುತ್ತದೆ. ಕೆಳಗಿನ ಹಂತಗಳನ್ನು ಬರೆದಿರುವ ಕ್ರಮದಲ್ಲೇ ಮಾಡಿ. ಸುಲಭದ್ದು ಮೊದಲು, ಬಿಚ್ಚುವ ಕೆಲಸ ಆಮೇಲೆ. ಮಧ್ಯದ ಹಂತ ಹಾರಿಸಬೇಡಿ. ಇಲ್ಲಿ ಹೆಚ್ಚಿನ ಮಾತು ಔಟ್‌ಬೋರ್ಡ್ ಇಂಜಿನ್ ಬಗ್ಗೆ, ಅಂದರೆ ಬೋಟಿನ ಹಿಂಬದಿಗೆ ಹೊರಗೆ ಸಿಕ್ಕಿಸುವ ಇಂಜಿನ್. ಬೋಟಿನೊಳಗೇ ಕೂರುವ ಇನ್‌ಬೋರ್ಡ್‌ಗೆ ಬೇರೆಯಾಗುವ ಕಡೆ ಅಲ್ಲಲ್ಲೇ ಹೇಳಿದ್ದೇನೆ.

## "ನಿಧಾನಕ್ಕೆ ಮಾತ್ರ" ಅನ್ನುವುದೇ ದೊಡ್ಡ ಸುಳಿವು

ಇಂಜಿನ್ ತಣ್ಣಗಿಡಲು ಹೊರಗಿನ ನೀರನ್ನು ಮೇಲೆತ್ತುವುದು ಒಂದು ಪಂಪ್. ಅದರೊಳಗಿನ ಇಂಪೆಲರ್ ಅಂದರೆ ರಬ್ಬರ್ ರೆಕ್ಕೆಗಳಿರುವ ಒಂದು ಚಕ್ರ. ಅದು ಒಂದು ಕಪ್ಪಿನೊಳಗೆ ತಿರುಗುತ್ತದೆ. ಕಪ್ಪಿನ ನಟ್ಟನಡುವೆ ಅಲ್ಲ, ಸ್ವಲ್ಪ ಒಂದು ಪಕ್ಕಕ್ಕೆ. ಹಾಗಾಗಿ ರೆಕ್ಕೆ ಒಂದು ಕಡೆ ಮಡಚುತ್ತದೆ, ಇನ್ನೊಂದು ಕಡೆ ಬಿಚ್ಚಿಕೊಳ್ಳುತ್ತದೆ. ಬಿಚ್ಚಿಕೊಂಡಾಗ ನೀರು ಎಳೆಯುತ್ತದೆ, ಮಡಚಿದಾಗ ಮೇಲಕ್ಕೆ ತಳ್ಳುತ್ತದೆ.

ಇಂಜಿನ್ ನಿಧಾನವಾಗಿ ತಿರುಗುವಾಗ ನೀರು ಮೇಲೇರಬೇಕಾದರೆ ರೆಕ್ಕೆಯ ತುದಿ ಕಪ್ಪಿನ ಗೋಡೆಗೆ ಅಂಟಿಕೊಂಡೇ ಇರಬೇಕು. ಕೂದಲೆಳೆಯಷ್ಟು ಸಂದಿ ಬಿದ್ದರೂ ನೀರು ಹಿಂದಕ್ಕೆ ಸೋರುತ್ತದೆ. ವೇಗ ಏರಿದಾಗ ಆಟ ಬದಲಾಗುತ್ತದೆ. ರೆಕ್ಕೆಗಳು ಒಳಕ್ಕೆ ಬಾಗುತ್ತವೆ, ಇಂಪೆಲರ್ ಫ್ಯಾನಿನ ಹಾಗೆ ನೀರನ್ನು ಹೊರಕ್ಕೆ ಎಸೆಯುತ್ತದೆ. ಬೋಟ್ ಮುಂದೆ ನುಗ್ಗುವ ರಭಸಕ್ಕೆ ಕೆಳಗಿನ ತೂತುಗಳಿಂದ ನೀರು ತಾನಾಗಿಯೂ ಒಳಗೆ ನುಗ್ಗುತ್ತದೆ. ಸವೆದ ಪಂಪ್ ಕೂಡ ಆಗ ಒಳ್ಳೆಯವನಂತೆ ನಟಿಸುತ್ತದೆ.

ಹಾಗಾಗಿ ನಿಧಾನಕ್ಕೆ ಹೀಟ್ ಆಗಿ ವೇಗಕ್ಕೆ ತಣ್ಣಗಾಗುವ ಇಂಜಿನ್‌ನಲ್ಲಿ ಮೊದಲ ಅನುಮಾನ ಮೂರರ ಮೇಲೆ: ಸವೆದ ಪಂಪ್, ಮುಚ್ಚಿಕೊಂಡೇ ಇರುವ ಥರ್ಮೋಸ್ಟಾಟ್, ನೀರಿನ ಜೊತೆ ಗಾಳಿ ಎಳೆಯುವ ಸಂದಿ. ವೇಗಕ್ಕೆ ಮಾತ್ರ ಹೀಟ್ ಆಗುವ ಇಂಜಿನ್‌ನ ಪಟ್ಟಿಯೇ ಬೇರೆ. ಅರ್ಧ ಕಟ್ಟಿಕೊಂಡ ಹೀಟ್ ಎಕ್ಸ್‌ಚೇಂಜರ್ (ಇಂಜಿನ್‌ನೊಳಗೆ ಸುತ್ತುವ ಕೂಲೆಂಟ್ ದ್ರವವನ್ನು ಹೊರಗಿನ ನೀರಿನಿಂದ ತಣಿಸುವ ಭಾಗ), ಎಳೆತಕ್ಕೆ ಚಪ್ಪಟೆಯಾಗುವ ಹೋಸ್, ಕಿರಿದಾದ ಎಕ್ಸಾಸ್ಟ್ ಎಲ್ಲ ಆ ಪಟ್ಟಿಯವು. ಎರಡನ್ನೂ ಕಲಸಿಕೊಂಡವರೇ ಜಾಸ್ತಿ ಸುತ್ತಾಡುತ್ತಾರೆ.

## ಕೈಗೆ ಬೇಕಾದದ್ದು

ಟೆಂಪರೇಚರ್ ಗನ್ ಒಂದು ಬೇಕೇ ಬೇಕು. ಗುರಿಯಿಟ್ಟು ಒತ್ತಿದರೆ ಬಿಸಿ ಎಷ್ಟು ಎಂದು ತೋರಿಸುವ ಇನ್‌ಫ್ರಾರೆಡ್ ಮೀಟರ್. ಬೇರೆ ಯಾವುದಕ್ಕೆ ರಾಜಿಯಾದರೂ ಇದಕ್ಕೆ ಆಗಬೇಡಿ.

ಉಳಿದದ್ದು ಸಾಮಾನ್ಯ: ಸಾಕೆಟ್ ಸೆಟ್, ಸ್ಪ್ಯಾನರ್‌ಗಳು, ಟಾರ್ಕ್ ರೆಂಚ್, ಗ್ಯಾಸ್ಕೆಟ್ (ಎರಡು ಭಾಗಗಳ ನಡುವೆ ಸೋರದಂತೆ ಇಡುವ ಹಾಳೆ) ಕೆರೆಯಲು ಪ್ಲಾಸ್ಟಿಕ್ ಸ್ಕ್ರೇಪರ್, ದಪ್ಪ ನೈಲಾನ್ ಮೀನುದಾರ, ನೀರಿನಲ್ಲಿ ಇಳಿಬಿಡುವ ಥರ್ಮಾಮೀಟರ್, ಹಳೆಯ ಪಾತ್ರೆ, ಬಕೆಟ್, ಮರೈನ್ ಗ್ರೀಸ್, ಸೋಪಿನ ನೀರು. ಲೋವರ್ ಯೂನಿಟ್ (ಪ್ರೊಪೆಲ್ಲರ್ ಇರುವ ಇಂಜಿನ್‌ನ ಕೆಳಭಾಗ) ಮುಳುಗುವಷ್ಟು ಆಳದ ಡ್ರಮ್. ನಿಮ್ಮ ಮಾಡೆಲ್‌ನ ಸರ್ವಿಸ್ ಮ್ಯಾನುಯಲ್. ಇನ್ನೊಂದು ನೋಟ್‌ಬುಕ್ ಮತ್ತು ಪೆನ್ನು. ಅಳೆದದ್ದನ್ನು ಬರೆಯದಿದ್ದರೆ ಅಳೆದೇ ಇಲ್ಲ ಎಂದು ಲೆಕ್ಕ.

ಕೆಲಸ ಶುರು ಮಾಡುವ ಮುನ್ನ ಎರಡು ಮಾತು. ಇಂಜಿನ್ ಓಡಿಸುವ ಪರೀಕ್ಷೆಗಳೆಲ್ಲ ಬಯಲಿನಲ್ಲಿ ಆಗಲಿ. ಎಕ್ಸಾಸ್ಟ್‌ನ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಮುಚ್ಚಿದ ಶೆಡ್ಡಿನಲ್ಲಿ ಅದು ಜೀವ ತೆಗೆಯುತ್ತದೆ. ಪ್ರೊಪೆಲ್ಲರ್ ಹತ್ತಿರ ಕೈ ಹಾಕುವ ಮೊದಲು ಕೀ ತೆಗೆಯಿರಿ, ಇಂಜಿನ್ ತಕ್ಷಣ ನಿಲ್ಲಿಸುವ ಕಿಲ್ ಸ್ವಿಚ್‌ನ ಹಗ್ಗ ಬಿಚ್ಚಿಡಿ, ಬ್ಯಾಟರಿ ಸಂಪರ್ಕ ತಪ್ಪಿಸಿ.

## ಹಂತ 1: ನೀರಿನ ಮೇಲೆ ಅಲಾರಂ ಹೊಡೆದಾಗ

ಗಾಬರಿಯಲ್ಲಿ ಕೀ ತಿರುಗಿಸಿ ನಿಲ್ಲಿಸಿಬಿಟ್ಟರೆ ಸುಳಿವು ಕೂಡ ಅಲ್ಲೇ ಮುಗಿಯುತ್ತದೆ. ಮೊದಲು ನ್ಯೂಟ್ರಲ್‌ಗೆ ಹಾಕಿ, ಹಿಂದೆ ತಿರುಗಿ ಟೆಲ್‌ಟೇಲ್ ನೋಡಿ. ಇಂಜಿನ್ ಪಕ್ಕದಿಂದ ಹೊರಗೆ ಚಿಮ್ಮುವ ತೆಳು ನೀರಿನ ಧಾರೆಯೇ ಟೆಲ್‌ಟೇಲ್.

ಧಾರೆ ಇಲ್ಲವೇ ಇಲ್ಲ ಅಥವಾ ನೀರಿನ ಬದಲು ಆವಿ ಬರುತ್ತಿದೆ ಅಂದರೆ ತಕ್ಷಣ ನಿಲ್ಲಿಸಿ. ಲಂಗರು ಹಾಕಿ. ಕವರ್ ತೆಗೆಯಲು ಅವಸರ ಬೇಡ. ಬಿಸಿ ಇಂಜಿನ್ ಮೇಲೆ ತಣ್ಣೀರು ಸುರಿಯಲೇಬೇಡಿ, ಕಾದ ಅಲ್ಯೂಮಿನಿಯಂ ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು.

ಧಾರೆ ಬರುತ್ತಿದ್ದರೆ ನ್ಯೂಟ್ರಲ್‌ನಲ್ಲೇ ಥ್ರಾಟಲನ್ನು 1500ರಿಂದ 2000 ಆರ್‌ಪಿಎಂಗೆ (ಇಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಏರಿಸಿ, ಒಂದು ನಿಮಿಷ ಮಾತ್ರ. ಬಿಸಿ ಇಳಿಯುತ್ತಿದೆಯೇ? ಧಾರೆ ಜೋರಾಯಿತೇ? ಎರಡಕ್ಕೂ ಹೌದು ಎಂದಾದರೆ ಈ ಲೇಖನ ನಿಮ್ಮ ಇಂಜಿನ್‌ಗೇ ಬರೆದದ್ದು. ಬಿಸಿ ಏರುತ್ತಲೇ ಹೋದರೆ ನಿಲ್ಲಿಸಿ, ಬೇರೆ ಬೋಟಿನ ಸಹಾಯ ಪಡೆದು ದಡ ಸೇರಿ.

ಒಂದು ಕಡೆ ಮೋಸ ಹೋಗಬೇಡಿ. ಜೋರಾಗಿ ಓಡಿ ಬಂದು ಒಮ್ಮೆಲೇ ಥ್ರಾಟಲ್ ಇಳಿಸಿದಾಗ ಬಿಸಿ ಕೆಲವು ಡಿಗ್ರಿ ಏರುವುದು ಸಹಜ. ಲೋಹದಲ್ಲಿ ತುಂಬಿಕೊಂಡ ಬಿಸಿ ಹೊರಗೆ ಹೋಗಬೇಕಲ್ವಾ? ಒಂದೆರಡು ನಿಮಿಷದಲ್ಲಿ ಅದು ಇಳಿದರೆ ರೋಗವಲ್ಲ. ಇಳಿಯದೆ ಅಲ್ಲೇ ನಿಂತರೆ ಅಥವಾ ಇನ್ನೂ ಏರಿದರೆ ರೋಗ.

## ಹಂತ 2: ನಿಜಕ್ಕೂ ಬಿಸಿಯಾಗಿದೆಯೇ ಎಂದು ಅಳೆಯಿರಿ

ಮೀಟರ್ ಸುಳ್ಳು ಹೇಳಬಹುದು. ಸೆನ್ಸರ್ ಕೆಟ್ಟಿರಬಹುದು. ಅಲಾರಂ ತಂತಿಯ ಹೊದಿಕೆ ಉಜ್ಜಿಹೋಗಿ ಇಂಜಿನ್ ಮೈಗೆ ತಾಗಿದರೂ ಹಲವು ಇಂಜಿನ್‌ಗಳಲ್ಲಿ ಅಲಾರಂ ಕೂಗುತ್ತದೆ.

ಟೆಂಪರೇಚರ್ ಗನ್‌ನಿಂದ ಸಿಲಿಂಡರ್ ಹೆಡ್ಡಿನ (ಸಿಲಿಂಡರ್‌ಗಳನ್ನು ಮುಚ್ಚುವ ಲೋಹದ ಭಾಗ) ಮೇಲೆ, ಥರ್ಮೋಸ್ಟಾಟ್ ಕೂತಿರುವ ಜಾಗದ ಪಕ್ಕದಲ್ಲಿ ಅಳೆಯಿರಿ. ಹೊಳೆಯುವ ಲೋಹದ ಮೇಲೆ ಗನ್ ಹಿಡಿದರೆ ಕಡಿಮೆ ತೋರಿಸುತ್ತದೆ. ಬಣ್ಣ ಹಚ್ಚಿದ ಜಾಗ ಹುಡುಕಿ, ಇಲ್ಲದಿದ್ದರೆ ಕಪ್ಪು ಮಾರ್ಕರ್‌ನಿಂದ ಬೆರಳಗಲ ಗುರುತು ಮಾಡಿಕೊಳ್ಳಿ. ಪ್ರತಿ ಸಲವೂ ಅದೇ ಗುರುತಿನ ಮೇಲೆ, ಅಷ್ಟೇ ದೂರದಿಂದ ಅಳೆಯಿರಿ.

ಎಷ್ಟಿರಬೇಕು? ಅದು ನಿಮ್ಮ ಥರ್ಮೋಸ್ಟಾಟ್ ಮೇಲೆ ನಿಂತಿದೆ. ಅನೇಕ ಔಟ್‌ಬೋರ್ಡ್‌ಗಳ ಥರ್ಮೋಸ್ಟಾಟ್ ಸುಮಾರು 50ರಿಂದ 62 ಡಿಗ್ರಿ ಸೆಲ್ಸಿಯಸ್ ನಡುವೆ ತೆರೆಯುತ್ತದೆ. ಕೂಲೆಂಟ್ ಹಾಕುವ ಇನ್‌ಬೋರ್ಡ್‌ಗಳಲ್ಲಿ 71 ಡಿಗ್ರಿ ಅಥವಾ ಅದಕ್ಕೂ ಮೇಲೆ. ಹೆಡ್ಡಿನ ಬಿಸಿ ಆ ಅಂಕಿಯ ಆಸುಪಾಸಿನಲ್ಲೇ ಓಡಾಡಬೇಕು. ಗನ್ 55 ತೋರಿಸುತ್ತಿದ್ದು ಅಲಾರಂ ಕೂಗುತ್ತಿದ್ದರೆ ಪಂಪ್ ಮುಟ್ಟಬೇಡಿ, ವೈರಿಂಗ್ ನೋಡಿ.

ವಿ ಆಕಾರದ ಇಂಜಿನ್ ಆಗಿದ್ದರೆ ಎರಡೂ ಸಾಲಿನ ಹೆಡ್ ಅಳೆಯಿರಿ. ಒಂದು ಸಾಲು ಮಾತ್ರ ಬಿಸಿಯಾಗಿದ್ದರೆ ಪಂಪ್ ತಪ್ಪಿತಸ್ಥ ಅಲ್ಲ ಎಂದು ಬಹುಮಟ್ಟಿಗೆ ಹೇಳಬಹುದು. ಒಂದೇ ಪಂಪ್ ಎರಡಕ್ಕೂ ನೀರು ಕೊಡುತ್ತದೆ. ಆ ಸಾಲಿನ ಥರ್ಮೋಸ್ಟಾಟ್ ಅಥವಾ ನೀರಿನ ದಾರಿ ಕಟ್ಟಿದೆ. ಐದು ನಿಮಿಷದ ಈ ಅಳತೆ ಅರ್ಧ ದಿನದ ಬಿಚ್ಚುವ ಕೆಲಸ ಉಳಿಸುತ್ತದೆ.

## ಹಂತ 3: ನೀರು ಒಳಗೆ ಹೋಗುವ ಬಾಯಿ

ಲೋವರ್ ಯೂನಿಟ್‌ನ ಪಕ್ಕದಲ್ಲಿ ಜಾಲರಿಯಂಥ ತೂತುಗಳಿರುತ್ತವೆ. ಪಾಚಿ, ಪ್ಲಾಸ್ಟಿಕ್ ಚೀಲದ ಚೂರು, ಚಿಪ್ಪು, ಮಣ್ಣು ಏನಿದ್ದರೂ ತೆಗೆಯಿರಿ. ಪ್ಲಾಸ್ಟಿಕ್ ಚೀಲದ ಗುಣವೇ ವಿಚಿತ್ರ. ನಿಧಾನಕ್ಕೆ ಹೋಗುವಾಗ ಜಾಲರಿಗೆ ಅಂಟಿಕೊಳ್ಳುತ್ತದೆ, ಜೋರಾಗಿ ಹೋದರೆ ಹರಿವಿಗೆ ಕಳಚಿಹೋಗುತ್ತದೆ. ದಡಕ್ಕೆ ಬಂದು ನೋಡುವಾಗ ಅಲ್ಲಿ ಏನೂ ಇರುವುದಿಲ್ಲ. ಒಮ್ಮೆ ಮಾತ್ರ ಆಗಿ ಮತ್ತೆ ಆಗದಿದ್ದರೆ ಇದನ್ನೇ ಅನುಮಾನಿಸಿ.

ಟಿಲ್ಟ್ ಕೂಡ ಗಮನಿಸಿ. ಆಳ ಕಡಿಮೆಯಿರುವಲ್ಲಿ ಇಂಜಿನ್ ಮೇಲೆತ್ತಿ ನಿಧಾನವಾಗಿ ಸಾಗುವ ರೂಢಿ ಹಲವರಿಗಿದೆ. ಆಗ ಮೇಲಿನ ಸಾಲಿನ ತೂತುಗಳು ನೀರಿನಿಂದ ಹೊರಗೆ ಬಂದು ಪಂಪ್ ಗಾಳಿ ಕುಡಿಯುತ್ತದೆ. ತೂಕವೆಲ್ಲ ಬೋಟಿನ ಮುಂಭಾಗದಲ್ಲಿದ್ದರೂ ಹೀಗಾಗಬಹುದು. ಇಂಜಿನ್ ಪೂರ್ತಿ ಕೆಳಗಿಳಿಸಿ ಓಡಿಸಿದಾಗ ಬಿಸಿ ಏರದಿದ್ದರೆ ಹುಡುಕಾಟ ಇಲ್ಲಿಗೇ ಮುಗಿಯಿತು.

ಐಡಲ್ (ಥ್ರಾಟಲ್ ಪೂರ್ತಿ ಇಳಿಸಿದಾಗಿನ) ಆರ್‌ಪಿಎಂ ಮ್ಯಾನುಯಲ್‌ನಲ್ಲಿ ಹೇಳಿದ್ದಕ್ಕಿಂತ ಕಡಿಮೆ ಇದೆಯೇ ಎಂದೂ ನೋಡಿಕೊಳ್ಳಿ. ಇಂಜಿನ್ ಸದ್ದು ಕಡಿಮೆಯಾಗಲಿ ಎಂದು ಯಾರೋ ಸ್ಕ್ರೂ ತಿರುಗಿಸಿಟ್ಟಿರುತ್ತಾರೆ.

## ಹಂತ 4: ಟೆಲ್‌ಟೇಲ್ ಹೇಳುವುದೆಷ್ಟು, ಹೇಳದಿರುವುದೆಷ್ಟು

ಧಾರೆ ತೆಳ್ಳಗಿದ್ದರೆ ಮೊದಲು ಅದರ ತೂತನ್ನೇ ಅನುಮಾನಿಸಿ. ಉಪ್ಪು ಕಟ್ಟಿರುತ್ತದೆ, ಮರಳಿನ ಕಣ ಸಿಕ್ಕಿರುತ್ತದೆ. ಬಹಳ ದಿನ ನಿಂತ ಇಂಜಿನ್ ಆದರೆ ಕಣಜ ಮಣ್ಣಿನ ಗೂಡು ಕಟ್ಟಿರುವುದೂ ಉಂಟು. ದಪ್ಪ ನೈಲಾನ್ ದಾರ ತೂರಿಸಿ ಮೆಲ್ಲಗೆ ಆಡಿಸಿ. ಕಬ್ಬಿಣದ ತಂತಿ ಹಾಕಬೇಡಿ, ಒಳಗಿನ ರಬ್ಬರ್ ಹೋಸ್ ತೂತಾಗುತ್ತದೆ.

ಧಾರೆ ಚೆನ್ನಾಗಿದೆ ಎಂದು ನೆಮ್ಮದಿಯಾಗಲೂ ಬೇಡಿ. ಎಷ್ಟೋ ಇಂಜಿನ್‌ಗಳಲ್ಲಿ ಈ ನೀರು ಥರ್ಮೋಸ್ಟಾಟ್ ತಲುಪುವ ಮೊದಲೇ ಕವಲೊಡೆದು ಹೊರಗೆ ಬರುತ್ತದೆ. ಅಂದರೆ ಪಂಪ್ ನೀರು ಎತ್ತುತ್ತಿದೆ ಎಂದಷ್ಟೇ ಅದು ಹೇಳುತ್ತದೆ. ಆ ನೀರು ಹೆಡ್ಡಿನೊಳಗೆ ಸುತ್ತಿ ಬಂತು ಎಂದು ಹೇಳುವುದಿಲ್ಲ. "ನೀರು ಬರ್ತಾ ಇದೆ, ಹಾಗಾಗಿ ಪಂಪ್ ಸರಿ, ಕೂಲಿಂಗ್ ಸರಿ" ಎಂಬ ತೀರ್ಮಾನದಲ್ಲಿ ಎಷ್ಟು ಹೆಡ್ ಗ್ಯಾಸ್ಕೆಟ್‌ಗಳು ಸುಟ್ಟಿವೆಯೋ.

ಈಗ ಹೋಸ್ ಪೈಪ್ ವಿಚಾರ. ಜಾಲರಿಗೆ ರಬ್ಬರ್ ಕಪ್ ಸಿಕ್ಕಿಸಿ ನಲ್ಲಿ ತೆರೆದರೆ ನಲ್ಲಿಯ ಒತ್ತಡವೇ ನೀರನ್ನು ಮೇಲಕ್ಕೆ ತಳ್ಳುತ್ತದೆ. ಪಂಪ್ ಮಾಡಬೇಕಾದ ಕೆಲಸವನ್ನು ನಲ್ಲಿ ಮಾಡುತ್ತದೆ! ಅಂಗಳದಲ್ಲಿ ಪಾಸಾದ ಇಂಜಿನ್ ನೀರಿನಲ್ಲಿ ಫೇಲಾಗುವುದು ಇದಕ್ಕೇ. ಇಂಜಿನ್ ತೊಳೆಯಲು ಹೋಸ್ ಸರಿ. ಪಂಪ್ ಪರೀಕ್ಷೆಗೆ ಅಲ್ಲ.

ಪರೀಕ್ಷೆಗೆ ಡ್ರಮ್ ಬಳಸಿ. ಪ್ರೊಪೆಲ್ಲರ್ ಕಳಚಿ. ಪ್ರೊಪೆಲ್ಲರ್ ಮೇಲಿರುವ ಅಡ್ಡ ಹಲಗೆಗಿಂತ ಒಂದು ಗೇಣು ಮೇಲಿನವರೆಗೆ ನೀರು ತುಂಬಿ. ನ್ಯೂಟ್ರಲ್‌ನಲ್ಲಿ ಓಡಿಸಿ, ಎರಡು ನಿಮಿಷಕ್ಕೊಮ್ಮೆ ಹೆಡ್ ಬಿಸಿ ಬರೆದುಕೊಳ್ಳಿ. ಡ್ರಮ್ಮಿನ ನೀರು ಎಕ್ಸಾಸ್ಟ್‌ಗೆ ಬೇಗ ಬಿಸಿಯಾಗುತ್ತದೆ, ನೊರೆಯೂ ಏಳುತ್ತದೆ. ಹಾಗಾಗಿ ಒಂದು ಕಡೆ ತಣ್ಣೀರು ಬಿಡುತ್ತಲೇ ಇರಿ. ಇಲ್ಲದಿದ್ದರೆ ಡ್ರಮ್ಮಿನ ದೋಷವನ್ನು ಇಂಜಿನ್‌ಗೆ ಹೊರಿಸುತ್ತೀರಿ.

## ಹಂತ 5: ಥರ್ಮೋಸ್ಟಾಟ್

ಪಂಪ್‌ಗಿಂತ ಇದು ಬಿಚ್ಚಲು ಸುಲಭ, ಅದಕ್ಕೇ ಮೊದಲು. ಮುಚ್ಚಿದ ಸ್ಥಿತಿಯಲ್ಲೇ ಅಂಟಿಕೊಂಡ ಥರ್ಮೋಸ್ಟಾಟ್ ನಮ್ಮ ರೋಗಲಕ್ಷಣವನ್ನು ಹಾಗ್ಹಾಗೇ ತೋರಿಸುತ್ತದೆ. ಯಾಕೆಂದರೆ ಹಲವು ಔಟ್‌ಬೋರ್ಡ್‌ಗಳಲ್ಲಿ ಒಂದು ಪ್ರೆಶರ್ ವಾಲ್ವ್ ಕೂಡ ಇರುತ್ತದೆ. ಆರ್‌ಪಿಎಂ ಏರಿ ನೀರಿನ ಒತ್ತಡ ಹೆಚ್ಚಾದಾಗ ಅದು ತೆರೆದುಕೊಂಡು, ಥರ್ಮೋಸ್ಟಾಟನ್ನು ಬಿಟ್ಟು ಬೇರೆ ದಾರಿಯಿಂದ ನೀರು ಹರಿಯಲು ಬಿಡುತ್ತದೆ. ನಿಧಾನಕ್ಕೆ ಬಂದರೆ ಮುಚ್ಚುತ್ತದೆ, ಮತ್ತೆ ಬಿಸಿ.

ಬಿಚ್ಚುವಾಗ ಬೋಲ್ಟ್‌ಗಳ ಬಗ್ಗೆ ಎಚ್ಚರ. ಉಪ್ಪುನೀರು ಕಂಡ ಅಲ್ಯೂಮಿನಿಯಂನಲ್ಲಿ ಬೋಲ್ಟ್ ಹಿಡಿದುಕೊಂಡಿರುತ್ತದೆ. ಸುಮ್ನೆ ಬಲ ಹಾಕಿದರೆ ತಲೆ ಮುರಿಯುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಸ್ವಲ್ಪ ಬಿಗಿ ಮಾಡುವ ಕಡೆಗೆ, ಮತ್ತೆ ಬಿಚ್ಚುವ ಕಡೆಗೆ, ಹೀಗೆ ಹಿಂದೆ ಮುಂದೆ ಅಲುಗಾಡಿಸಿ.

ಥರ್ಮೋಸ್ಟಾಟನ್ನು ದಾರಕ್ಕೆ ಕಟ್ಟಿ ಪಾತ್ರೆಯ ನೀರಿನಲ್ಲಿ ಇಳಿಬಿಡಿ. ಪಕ್ಕದಲ್ಲೇ ಥರ್ಮಾಮೀಟರ್. ಎರಡೂ ಪಾತ್ರೆಯ ತಳಕ್ಕೆ ತಾಗಬಾರದು. ಒಂದು ಉಪಾಯ ಹೇಳುತ್ತೇನೆ. ದಾರವನ್ನು ಥರ್ಮೋಸ್ಟಾಟ್ ಬಾಯಿಯ ಸಂದಿಗೇ ಸಿಕ್ಕಿಸಿ ತೂಗುಹಾಕಿ. ಬಾಯಿ ತೆರೆಯಲು ಶುರುವಾದ ಕ್ಷಣ ಹಿಡಿತ ಸಡಿಲಾಗಿ ಅದು ಪಾತ್ರೆಗೆ ಟಣ್ ಎಂದು ಬೀಳುತ್ತದೆ. ಆಗಿನ ಡಿಗ್ರಿ ಬರೆದುಕೊಳ್ಳಿ. ಅಂಚಿನ ಮೇಲೆ ಕೊರೆದ ಅಂಕಿಗೆ ಅದು ಹತ್ತಿರವಿರಬೇಕು. ಅಂಕಿ ಫ್ಯಾರನ್‌ಹೀಟ್‌ನಲ್ಲಿ ಇರಬಹುದು: 143 ಅಂದರೆ ಸುಮಾರು 62 ಸೆಲ್ಸಿಯಸ್, 160 ಅಂದರೆ 71. ಇನ್ನೂ ಹತ್ತು ಹದಿನೈದು ಡಿಗ್ರಿ ಏರುವಷ್ಟರಲ್ಲಿ ಬಾಯಿ ಪೂರ್ತಿ ತೆರೆದಿರಬೇಕು. ತಣ್ಣಗಾದ ಮೇಲೆ ಪೂರ್ತಿ ಮುಚ್ಚಬೇಕು.

ಇಲ್ಲಿ ಎರಡು ತಪ್ಪು ಪದೇ ಪದೇ ಆಗುತ್ತವೆ. ಒಂದು, ನೋಡಲು ಒಂದೇ ಥರ ಇದೆ ಎಂದು ಕಾರಿನ ಥರ್ಮೋಸ್ಟಾಟ್ ಹಾಕುವುದು. ಕಾರಿನವು ಸಾಮಾನ್ಯವಾಗಿ 82 ಡಿಗ್ರಿ ಅಥವಾ ಮೇಲೆ ತೆರೆಯುತ್ತವೆ. ಸಮುದ್ರದ ನೀರು ನೇರವಾಗಿ ಸುತ್ತುವ ಇಂಜಿನ್‌ನಲ್ಲಿ ಅಷ್ಟು ಬಿಸಿಗೆ ಉಪ್ಪು ಒಳಗೇ ಗಟ್ಟಿಯಾಗಿ ಕೂರುತ್ತದೆ. ಇನ್ನೊಂದು, ಥರ್ಮೋಸ್ಟಾಟನ್ನೇ ತೆಗೆದುಬಿಡುವುದು. ಅಲಾರಂ ನಿಲ್ಲಬಹುದು. ಆದರೆ ಇಂಜಿನ್ ಸದಾ ತಣ್ಣಗೆ ಓಡಿ ಇಂಗಾಲ ಕಟ್ಟುತ್ತದೆ. ಫೋರ್‌ಸ್ಟ್ರೋಕ್ ಆದರೆ ಸುಡದ ಪೆಟ್ರೋಲ್ ಆಯಿಲ್‌ಗೆ ಸೇರಿ ಅದನ್ನು ತೆಳುಮಾಡುತ್ತದೆ.

ಪ್ರೆಶರ್ ವಾಲ್ವ್ ಇದ್ದರೆ ಅದನ್ನೂ ಬಿಚ್ಚಿ ನೋಡಿ. ಸ್ಪ್ರಿಂಗ್ ತುಕ್ಕು ಹಿಡಿದಿದೆಯೇ, ರಬ್ಬರ್ ಸೀಳಿದೆಯೇ, ಬಾಯಿಗೆ ಚಿಪ್ಪಿನ ಚೂರು ಸಿಕ್ಕಿ ತೆರೆದೇ ಇದೆಯೇ. ನೀರಿನ ದಾರಿ ಹೇಗಿದೆ ಎಂಬುದರ ಮೇಲೆ, ಕೆಲವು ಇಂಜಿನ್‌ಗಳಲ್ಲಿ ಈ ವಾಲ್ವ್ ತೆರೆದೇ ಉಳಿದರೆ ಐಡಲ್‌ನಲ್ಲಿ ಹೆಡ್ಡಿನ ಮೇಲ್ಭಾಗಕ್ಕೆ ನೀರು ಏರುವುದೇ ಇಲ್ಲ.

## ಹಂತ 6: ಪಂಪ್ ಬಿಚ್ಚುವುದು

ಇಲ್ಲಿಯವರೆಗೆ ತಪ್ಪು ಸಿಗದಿದ್ದರೆ ಈಗ ಪಂಪ್ ಕೂತಿರುವ ಲೋವರ್ ಯೂನಿಟ್ ಇಳಿಸುವ ಹೊತ್ತು. ನನ್ನ ಲೆಕ್ಕದಲ್ಲಿ ನಿಧಾನಕ್ಕೆ ಹೀಟ್ ಆಗುವ ಔಟ್‌ಬೋರ್ಡ್‌ಗಳಲ್ಲಿ ಜಾಸ್ತಿ ಸಿಗುವ ಕಳ್ಳ ಇಲ್ಲೇ ಇರುತ್ತಾನೆ. ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

6.1 ಇಳಿಸುವುದು. ಗೇರ್ ಯಾವ ಸ್ಥಾನದಲ್ಲಿರಬೇಕು ಎಂದು ಮ್ಯಾನುಯಲ್ ನೋಡಿ, ಮಾಡೆಲ್‌ನಿಂದ ಮಾಡೆಲ್‌ಗೆ ಬದಲಾಗುತ್ತದೆ. ಗೇರ್ ರಾಡ್ ಸಂಪರ್ಕ ಬಿಚ್ಚಿ. ಪ್ರೊಪೆಲ್ಲರ್ ಮೇಲಿನ ಪುಟ್ಟ ರೆಕ್ಕೆಯಂಥ ಟ್ರಿಮ್ ಟ್ಯಾಬ್ ತೆಗೆಯುವ ಮೊದಲು ಅದು ಯಾವ ಕೋನದಲ್ಲಿತ್ತು ಎಂದು ಗುರುತು ಹಾಕಿ. ಕೆಲವು ಮಾಡೆಲ್‌ಗಳಲ್ಲಿ ಅದರ ಹಿಂದೆಯೇ ಒಂದು ಬೋಲ್ಟ್ ಅಡಗಿರುತ್ತದೆ. ಅದು ಕಾಣದೆ ಸುತ್ತಿಗೆಯಲ್ಲಿ ಬಡಿದು ಕೇಸಿಂಗ್ ಒಡೆದವರಿದ್ದಾರೆ. ಕೊನೆಯ ಬೋಲ್ಟ್ ಬಿಚ್ಚುವಾಗ ಕೆಳಗೆ ಆಧಾರವಿರಲಿ, ಯೂನಿಟ್ ಭಾರವಾಗಿರುತ್ತದೆ.

6.2 ನೋಡುವುದು. ಕಪ್ ಎತ್ತಿದ ಕೂಡಲೇ ಇಂಪೆಲರ್ ಎಳೆದು ಎಸೆಯಬೇಡಿ. ರೆಕ್ಕೆಗಳು ಒಂದೇ ಕಡೆಗೆ ಬಾಗಿ ಹಾಗೇ ಗಟ್ಟಿಯಾಗಿವೆಯೇ? ಬೆರಳಲ್ಲಿ ನೆಟ್ಟಗೆ ಮಾಡಿ ಬಿಟ್ಟರೆ ಹಾಗೇ ನಿಲ್ಲಬೇಕು. ಮೆಲ್ಲಗೆ ಮತ್ತೆ ಬಾಗಿದರೆ ರಬ್ಬರ್ ಸತ್ತಿದೆ. ರೆಕ್ಕೆಯ ಬುಡ ಮಡಚಿ ಬಿರುಕು ಹುಡುಕಿ. ತುದಿ ಕರಗಿ ಹೊಳೆಯುತ್ತಿದ್ದರೆ ನೀರಿಲ್ಲದೆ ಓಡಿದ ಗುರುತು. ನೀರಿಲ್ಲದೆ ಅರ್ಧ ನಿಮಿಷ ಓಡಿದರೂ ಸಾಕು, ಇಂಪೆಲರ್ ಹಾಳಾಗಬಹುದು.

ಈಗ ರೆಕ್ಕೆಗಳನ್ನು ಎಣಿಸಿ. ಒಂದು ಕಡಿಮೆಯಿದ್ದರೆ ಅದು ಮಾಯವಾಗಿಲ್ಲ. ನೀರಿನ ಜೊತೆ ಮೇಲಕ್ಕೆ ಹೋಗಿ ಎಲ್ಲೋ ಅಡ್ಡ ಕೂತಿದೆ. ಅದು ಸಿಗುವವರೆಗೆ ಹೊಸ ಇಂಪೆಲರ್ ಹಾಕಿಯೂ ಉಪಯೋಗವಿಲ್ಲ.

6.3 ಕಪ್ ಮತ್ತು ಪ್ಲೇಟ್. ಜನ ಬಿಟ್ಟುಬಿಡುವುದೇ ಇದನ್ನು. ಇಂಪೆಲರ್ ಕೆಳಗೆ ಒಂದು ಸ್ಟೀಲ್ ಪ್ಲೇಟ್ ಇದೆ. ಅದರ ಮೇಲೆ ಉಗುರು ಆಡಿಸಿ. ದುಂಡಗಿನ ಗೀರಿಗೆ ಉಗುರು ಸಿಕ್ಕಿಕೊಂಡರೆ ಪ್ಲೇಟ್ ಮುಗಿದಿದೆ. ಕಪ್ಪಿನ ಒಳಗೋಡೆಗೂ ಇದೇ ಪರೀಕ್ಷೆ. ಮರಳು ನೀರಿನಲ್ಲಿ ಓಡಿದ ಪಂಪ್‌ಗಳಲ್ಲಿ ಈ ಗೀರು ಬೇಗ ಬೀಳುತ್ತದೆ. ಹಳೆಯ ಗೀರಿನ ಪ್ಲೇಟ್ ಮೇಲೆ ಹೊಸ ಇಂಪೆಲರ್ ಕೂರಿಸಿದರೆ ಸಂದಿ ಹಾಗೇ ಉಳಿಯುತ್ತದೆ, ಐಡಲ್‌ನಲ್ಲಿ ನೀರು ಹಾಗೇ ಸೋರುತ್ತದೆ. "ಇಂಪೆಲರ್ ಹೊಸದು, ಆದರೂ ಹೀಟ್" ಅನ್ನುವ ದೂರಿನ ಹಿಂದೆ ಅನೇಕ ಸಲ ಇದೇ ಇರುತ್ತದೆ. ಇಂಪೆಲರ್ ಒಂದನ್ನೇ ಕೊಳ್ಳಬೇಡಿ. ಕಪ್, ಪ್ಲೇಟ್, ಗ್ಯಾಸ್ಕೆಟ್, ಸೀಲ್, ಇಂಪೆಲರನ್ನು ಶಾಫ್ಟಿಗೆ ಹಿಡಿದಿಡುವ ಪುಟ್ಟ ಕೀ ಎಲ್ಲ ಇರುವ ಪೂರ್ತಿ ಕಿಟ್ ತನ್ನಿ.

6.4 ಜೋಡಿಸುವುದು. ಹಳೆ ಗ್ಯಾಸ್ಕೆಟ್ ಪೂರ್ತಿ ಕೆರೆಯಿರಿ. ಅರ್ಧಚಂದ್ರದ ಕೀಯನ್ನು ಚೂರು ಗ್ರೀಸ್‌ನಿಂದ ಪಂಪ್ ತಿರುಗಿಸುವ ಶಾಫ್ಟಿಗೆ ಅಂಟಿಸಿ, ಇಲ್ಲದಿದ್ದರೆ ಇಂಪೆಲರ್ ಇಳಿಸುವಾಗ ಬಿದ್ದುಹೋಗುತ್ತದೆ. ರಬ್ಬರ್‌ಗೆ ಸೋಪಿನ ನೀರು ಅಥವಾ ಗ್ಲಿಸರಿನ್ ಸವರಿ, ಪೆಟ್ರೋಲಿಯಂ ಗ್ರೀಸ್ ಬೇಡ. ಕಪ್ಪನ್ನು ಮೆಲ್ಲಗೆ ಒತ್ತುತ್ತಾ ಶಾಫ್ಟನ್ನು ಇಂಜಿನ್ ತಿರುಗುವ ದಿಕ್ಕಿಗೇ ತಿರುಗಿಸಿ. ಹೆಚ್ಚಿನ ಔಟ್‌ಬೋರ್ಡ್‌ಗಳಲ್ಲಿ ಮೇಲಿನಿಂದ ನೋಡಿದರೆ ಅದು ಗಡಿಯಾರದ ದಿಕ್ಕು. ರೆಕ್ಕೆಗಳು ಹಿಂದಕ್ಕೆ ಬಾಗಿ ಒಳಗೆ ಕೂರುತ್ತವೆ. ಆಮೇಲೆ ಉಲ್ಟಾ ತಿರುಗಿಸಲೇಬೇಡಿ.

6.5 ನೀರಿನ ಕೊಳವೆ. ಪಂಪಿನ ಮೇಲೆ ಒಂದು ರಬ್ಬರ್ ಬಳೆ ಇರುತ್ತದೆ. ಯೂನಿಟ್ ಮೇಲೆತ್ತಿ ಕೂರಿಸುವಾಗ ಉದ್ದದ ಲೋಹದ ಕೊಳವೆ ಆ ಬಳೆಯೊಳಗೇ ಇಳಿಯಬೇಕು. ಕತ್ತಲಲ್ಲಿ ಸೂಜಿಗೆ ದಾರ ಪೋಣಿಸಿದ ಹಾಗೆ ಈ ಕೆಲಸ. ಒಮ್ಮೆ ನಾನು ಅವಸರದಲ್ಲಿ ಬೋಲ್ಟ್ ಬಿಗಿದುಬಿಟ್ಟೆ. ಕೊಳವೆ ಬಳೆಯ ಪಕ್ಕಕ್ಕೆ ಕೂತಿತ್ತು. ಹೋಸ್ ಸಿಕ್ಕಿಸಿದಾಗ ಟೆಲ್‌ಟೇಲ್ ಬಂತು, ಖುಷಿಯಾಯಿತು. ನೀರಿಗಿಳಿದಾಗ ಅರ್ಧಕ್ಕರ್ಧ ನೀರು ಲೆಗ್ಗಿನೊಳಗೇ (ಇಂಜಿನ್‌ನ ಮಧ್ಯದ ಉದ್ದ ಭಾಗ) ಚಿಮ್ಮುತ್ತಿತ್ತು. ಮತ್ತೆ ಎಲ್ಲ ಬಿಚ್ಚಿದಾಗ ರಬ್ಬರ್ ಬಳೆಯ ಅಂಚು ಅರ್ಧಚಂದ್ರದಂತೆ ಹರಿದು ಹೋಗಿತ್ತು. ಆ ಮೇಲೆ ನಾನು ಟಾರ್ಚ್ ಹಿಡಿಯಲು ಒಬ್ಬರನ್ನು ಕೂರಿಸಿಕೊಂಡೇ ಈ ಕೆಲಸ ಮಾಡುವುದು.

ಶಾಫ್ಟಿನ ಹಲ್ಲುಗಳ ಪಕ್ಕಕ್ಕೆ ಮಾತ್ರ ಗ್ರೀಸ್ ಹಚ್ಚಿ. ತುದಿಯ ಮೇಲೆ ಗ್ರೀಸ್ ತುಂಬಿದರೆ ಅದು ಒಳಗೆ ಸಿಕ್ಕಿಕೊಂಡು ಶಾಫ್ಟ್ ಪೂರ್ತಿ ಕೂರದಂತೆ ತಡೆಯುತ್ತದೆ. ಯೂನಿಟ್ ಕೈಯ ಒತ್ತಡಕ್ಕೇ ಪೂರ್ತಿ ಮುಚ್ಚಿಕೊಳ್ಳಬೇಕು. ಸಂದಿ ಉಳಿದರೆ ಬೋಲ್ಟಿನಿಂದ ಎಳೆಯಬೇಡಿ, ಇಳಿಸಿ ಮತ್ತೆ ಪ್ರಯತ್ನಿಸಿ. ಎಲ್ಲ ಬಿಗಿಯುವ ಮುನ್ನ ಗೇರ್ ಮೂರೂ ಸ್ಥಾನಕ್ಕೆ ಬೀಳುತ್ತಿದೆಯೇ ಎಂದು ನೋಡಿ.

## ಹಂತ 7: ಇನ್‌ಬೋರ್ಡ್ ಆದರೆ

ಹಂತ 1, 2, 5 ಇಲ್ಲಿಗೂ ಅನ್ವಯ. ಟೆಲ್‌ಟೇಲ್ ಬದಲು ಎಕ್ಸಾಸ್ಟ್ ನೋಡಿ. ಹೊಗೆಯ ಜೊತೆ ನೀರು ಪಚಕ್ ಪಚಕ್ ಎಂದು ಉಗುಳುತ್ತಿರಬೇಕು. ಸದ್ದು ಒಣಗಿ ಟೊಳ್ಳಾದರೆ ನೀರು ಕಡಿಮೆಯಾಗಿದೆ.

ಮೊದಲ ಜಾಗ ಸ್ಟ್ರೈನರ್, ಅಂದರೆ ಕಸ ಹಿಡಿಯುವ ಡಬ್ಬಿ. ಬುಟ್ಟಿ ತೊಳೆದರೆ ಸಾಲದು, ಮುಚ್ಚಳದ ರಬ್ಬರ್ ರಿಂಗ್ ನೋಡಿ. ಡಬ್ಬಿ ಹೊರಗಿನ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಸಡಿಲ ಮುಚ್ಚಳದಿಂದ ನೀರು ಸೋರಿ ನಿಮಗೆ ಗೊತ್ತಾಗುತ್ತದೆ. ಮೇಲಿದ್ದರೆ ಒಂದು ಹನಿಯೂ ಸೋರುವುದಿಲ್ಲ, ಸದ್ದಿಲ್ಲದೆ ಗಾಳಿ ಎಳೆಯುತ್ತದೆ. ಮುಚ್ಚಳ ಪಾರದರ್ಶಕವಾಗಿದ್ದರೆ ಇಂಜಿನ್ ಓಡುವಾಗ ಗುಳ್ಳೆ ಕಾಣುತ್ತದೆ. ಇಲ್ಲದಿದ್ದರೆ ರಿಂಗಿಗೆ ವ್ಯಾಸಲೀನ್ ಸವರಿ ಬಿಗಿದು ಓಡಿಸಿ. ಬಿಸಿ ಇಳಿದರೆ ರಿಂಗ್ ಬದಲಾಯಿಸಿ, ವ್ಯಾಸಲೀನ್ ಬರೀ ಪರೀಕ್ಷೆಗೆ.

ಪಂಪ್ ಬಿಚ್ಚುವ ಮೊದಲು ಹೊರಗಿನ ನೀರು ಒಳಗೆ ಬರುವ ವಾಲ್ವ್ ಮುಚ್ಚಿ, ಇಂಜಿನ್ ಕೀಯನ್ನು ಆ ವಾಲ್ವಿಗೇ ನೇತುಹಾಕಿ. ಮುಚ್ಚಿದ್ದನ್ನು ಮರೆತು ಸ್ಟಾರ್ಟ್ ಮಾಡಿದರೆ ಹೊಸ ಇಂಪೆಲರ್ ಅಲ್ಲೇ ಹೋಯಿತು. ಪಂಪಿನ ಮುಚ್ಚಳದ ತಗಡಿನಲ್ಲಿ ಗೀರು ಬಿದ್ದಿದ್ದರೆ, ಹೊಸದು ಸಿಗುವವರೆಗೆ ತಗಡನ್ನು ಮಗುಚಿ ಹಾಕಬಹುದು, ಆಚೆ ಬದಿ ನುಣುಪಾಗಿದ್ದರೆ ಮಾತ್ರ.

ಕೂಲೆಂಟ್ ಇರುವ ಇಂಜಿನ್‌ನಲ್ಲಿ ಗಾಳಿ ಸಿಕ್ಕಿಕೊಳ್ಳುವುದು ಇನ್ನೊಂದು ಕಾರಣ. ಕೂಲೆಂಟ್ ಬದಲಾಯಿಸಿದ ಮೇಲೆಯೇ ತೊಂದರೆ ಶುರುವಾಗಿದ್ದರೆ ಬೇರೇನೂ ಯೋಚಿಸುವ ಮುನ್ನ ಗಾಳಿ ಬಿಡುವ ಸ್ಕ್ರೂ ಹುಡುಕಿ. ಬಿಸಿಯಿರುವಾಗ ಕೂಲೆಂಟ್ ತುಂಬುವ ಬಾಯಿಯ ಪ್ರೆಶರ್ ಕ್ಯಾಪ್ ತೆಗೆಯಬೇಡಿ, ಬಿಸಿ ಕೂಲೆಂಟ್ ಮುಖಕ್ಕೇ ಹಾರುತ್ತದೆ. ಬೆಲ್ಟ್ ಬಿಗಿ ಕೂಡ ನೋಡಿಬಿಡಿ. ಹೀಟ್ ಎಕ್ಸ್‌ಚೇಂಜರ್ ಬಿಚ್ಚುವುದು ಕೊನೆಗೆ, ಅದು ಕಟ್ಟಿದ್ದರೆ ಸಾಮಾನ್ಯವಾಗಿ ಭಾರ ಎಳೆಯುವಾಗಲೇ ಮೊದಲು ಕೂಗುತ್ತದೆ. ರೆಕ್ಕೆಯ ಚೂರು ಕಾಣೆಯಾಗಿದ್ದರೆ ಮಾತ್ರ ಅದರ ಬಾಯಿ ಮೊದಲೇ ತೆರೆದು ನೋಡಿ.

## ಹಂತ 8: ಒಳಗಿನ ಉಪ್ಪು ಮತ್ತು ಮರಳು

ಪಂಪ್ ಹೊಸದು, ಥರ್ಮೋಸ್ಟಾಟ್ ಸರಿ, ಆದರೂ ಬಿಸಿ. ಹಾಗಾದರೆ ನೀರಿನ ದಾರಿಯೇ ಕಿರಿದಾಗಿದೆ.

ಔಟ್‌ಬೋರ್ಡ್‌ನಲ್ಲಿ ಥರ್ಮೋಸ್ಟಾಟ್ ಹೊರಗೆ ತೆಗೆದಿರುವಾಗ, ಲೋವರ್ ಯೂನಿಟ್ ಇಳಿಸಿರುವಾಗ ಉಲ್ಟಾ ನೀರು ಬಿಡಿ. ಮೇಲಿನ ಥರ್ಮೋಸ್ಟಾಟ್ ಗೂಡಿಗೆ ಹೋಸ್ ಒತ್ತಿ ಹಿಡಿದು, ಕೆಳಗೆ ಕೊಳವೆಯ ಬಾಯಿಗೆ ಬಿಳಿ ಬಟ್ಟೆ ಕಟ್ಟಿದ ಬಕೆಟ್ ಇಡಿ. ಮೊದಲ ನಿಮಿಷದಲ್ಲಿ ಬೀಳುವುದನ್ನು ನೋಡಿ: ಬೂದು ಮರಳು, ಬಿಳಿ ಉಪ್ಪಿನ ಚಕ್ಕೆ, ಕೆಲವೊಮ್ಮೆ ನೀವು ಹುಡುಕುತ್ತಿದ್ದ ಆ ಕಪ್ಪು ರಬ್ಬರ್ ರೆಕ್ಕೆ. ನೀರು ತಿಳಿಯಾಗುವವರೆಗೂ ಬಿಡಿ.

ಉಪ್ಪು ಗಟ್ಟಿಯಾಗಿದ್ದರೆ ಮರೈನ್ ಇಂಜಿನ್‌ಗೆಂದೇ ಮಾಡಿದ ಡೀಸ್ಕೇಲರ್ ಬಳಸಿ. ಎಷ್ಟು ಬೆರೆಸಬೇಕು, ಎಷ್ಟು ಹೊತ್ತು ಎಂದು ಡಬ್ಬಿಯ ಮೇಲೆ ಬರೆದಂತೆಯೇ ಮಾಡಿ. ನೆಲ ತೊಳೆಯುವ ಹೈಡ್ರೋಕ್ಲೋರಿಕ್ ಆಸಿಡ್ ಹಾಕಿದರೆ ಉಪ್ಪಿನ ಜೊತೆ ಅಲ್ಯೂಮಿನಿಯಮ್ಮೂ ಕರಗುತ್ತದೆ. ಉಪ್ಪುನೀರಿನಲ್ಲಿ ಓಡಿಸಿ ಬಂದ ದಿನ ಸಿಹಿನೀರಿನಲ್ಲಿ ಹತ್ತು ಹದಿನೈದು ನಿಮಿಷ ಓಡಿಸಿ. ಇಂಜಿನ್ ಬಿಸಿಯಾಗಿ ಥರ್ಮೋಸ್ಟಾಟ್ ತೆರೆಯಬೇಕು, ಆಗಲೇ ಸಿಹಿನೀರು ಒಳಮೂಲೆಗೆ ತಲುಪುವುದು. ಎರಡು ನಿಮಿಷ ಬಿಟ್ಟು ನಿಲ್ಲಿಸಿದರೆ ತೊಳೆದದ್ದು ಹೊರಗಿನ ಕೊಳವೆಯನ್ನಷ್ಟೇ.

## ಇಲ್ಲಿಗೆ ನಿಲ್ಲಿಸಿ ಮೆಕ್ಯಾನಿಕ್ ಕರೆಯಬೇಕಾದ ಲಕ್ಷಣಗಳು

ಆಯಿಲ್ ಹಾಲು ಬೆರೆಸಿದ ಹಾಗೆ ಬೆಳ್ಳಗಾಗಿದ್ದರೆ. ಒಂದು ಸ್ಪಾರ್ಕ್ ಪ್ಲಗ್ ಮಾತ್ರ ತೊಳೆದಿಟ್ಟಂತೆ ಹೊಳೆಯುತ್ತಿದ್ದರೆ. ಕೂಲೆಂಟ್ ಡಬ್ಬಿಯಲ್ಲಿ ನಿಲ್ಲದೆ ಗುಳ್ಳೆ ಏಳುತ್ತಿದ್ದರೆ. ಅಕ್ಕಪಕ್ಕದ ಎರಡು ಸಿಲಿಂಡರ್‌ಗಳ ಕಂಪ್ರೆಷನ್ ಉಳಿದವಕ್ಕಿಂತ ಬಹಳ ಕಡಿಮೆಯಿದ್ದರೆ. ಇವೆಲ್ಲ ಹೆಡ್ ಗ್ಯಾಸ್ಕೆಟ್ ಹೋಗಿರುವ ಗುರುತು. ಕೆಲವೊಮ್ಮೆ ಬಿಸಿಗೆ ಗ್ಯಾಸ್ಕೆಟ್ ಹೋಗಿರುತ್ತದೆ, ಕೆಲವೊಮ್ಮೆ ಗ್ಯಾಸ್ಕೆಟ್ ಹೋಗಿದ್ದಕ್ಕೇ ಬಿಸಿ. ಎರಡರಲ್ಲಿ ಯಾವುದೇ ಆಗಿರಲಿ, ಇನ್ನೊಮ್ಮೆ ಓಡಿಸಿ ನೋಡುವ ಧೈರ್ಯ ಬೇಡ. ಸ್ಟಾರ್ಟ್ ಮಾಡುವಾಗ ಇಂಜಿನ್ ಅರ್ಧಕ್ಕೆ ಢಕ್ ಎಂದು ನಿಂತರೆ ಸಿಲಿಂಡರ್‌ನಲ್ಲಿ ನೀರಿರಬಹುದು, ಮತ್ತೆ ಕೀ ತಿರುಗಿಸಬೇಡಿ.

## ಹಂತ 9: ನೀರಿನ ಮೇಲೆ ಕೊನೆಯ ಪರೀಕ್ಷೆ

ದಡದ ಹತ್ತಿರವೇ, ಜೊತೆಗೆ ಇನ್ನೊಬ್ಬರನ್ನು ಕರೆದುಕೊಂಡು ಮಾಡಿ. ಒಬ್ಬರು ಓಡಿಸಲಿ, ಒಬ್ಬರು ಅಳೆಯಲಿ. ಹೆಡ್ ಅಳೆಯಲು ಕವರ್ ತೆಗೆಯಬೇಕಾದರೆ ತಿರುಗುವ ಭಾಗಗಳಿಂದ ಬಟ್ಟೆ, ಕೂದಲು ದೂರವಿರಲಿ. ವೇಗದಲ್ಲಿ ಹೋಗುವಾಗ ಕವರ್ ಹಾಕಿ, ಬೋಟಿನ ಮೀಟರನ್ನೇ ನೋಡಿಕೊಳ್ಳಿ.

ಮೊದಲು 10 ನಿಮಿಷ ನ್ಯೂಟ್ರಲ್‌ನಲ್ಲಿ ಐಡಲ್. ಆಮೇಲೆ 10 ನಿಮಿಷ ಗೇರ್ ಹಾಕಿ ಅತಿ ನಿಧಾನ. ಆಮೇಲೆ 5 ನಿಮಿಷ ನಿಮ್ಮ ಮಾಮೂಲಿ ವೇಗ. ಕೊನೆಗೆ ಮತ್ತೆ 10 ನಿಮಿಷ ಐಡಲ್. ಈ ಕೊನೆಯ ಹತ್ತು ನಿಮಿಷವೇ ನಿಜವಾದ ಪರೀಕ್ಷೆ, ಹೆಚ್ಚಿನವರು ಹಾರಿಸುವುದೂ ಇದನ್ನೇ. ಮೊದಲೆರಡು ನಿಮಿಷ ಬಿಸಿ ಸ್ವಲ್ಪ ಏರಿ, ಆಮೇಲೆ ಇಳಿದು ಥರ್ಮೋಸ್ಟಾಟ್ ಅಂಕಿಯ ಹತ್ತಿರ ನಿಂತರೆ ಕೆಲಸ ಗೆದ್ದಿರಿ. ನಿಲ್ಲದೆ ಏರಿದರೆ ಹಂತ 6.3 ಮತ್ತು 6.5ಕ್ಕೆ ವಾಪಸ್ ಹೋಗಿ, ಅದರಲ್ಲೂ ಕೊಳವೆಯ ಬಳೆ ಮೊದಲು.

ಐಡಲ್‌ನಲ್ಲಿ ಬಂದ ಅಂಕಿ, ಆ ದಿನದ ತಾರೀಖು, ಇಂಜಿನ್ ಓಡಿದ ಗಂಟೆ ಮೂರನ್ನೂ ಕವರಿನ ಒಳಮೈಗೆ ಮಾರ್ಕರ್‌ನಿಂದ ಬರೆದಿಡಿ. ಮುಂದಿನ ಸಲ ಗನ್ ಹಿಡಿದಾಗ ಹೋಲಿಸಲು ನಿಮ್ಮ ಇಂಜಿನ್‌ನದೇ ಅಂಕಿ ಅಲ್ಲಿರುತ್ತದೆ.